ಕಣ್ಣು ತೆರೆದ ನಿದ್ದೆ

ನಿದ್ದೆ ಮಾಡಲು ಮಲಗಬೇಕು ಎಂಬುದು ಮನೆ ಇದ್ದವರ ಮಾತು. ಕುರಿಗಳ ಹಿಂದೆ ಬೆಳೆದ ನಾವು ನಡೆಯುತ್ತಲೇ ನಿದ್ದೆ ಮಾಡುತ್ತಿದ್ದೆವು. ಕಾಲು ತನ್ನ ಪಾಡಿಗೆ ನಡೆಯುತ್ತಿತ್ತು, ಕಣ್ಣು ತೆರೆದೇ ಇರುತ್ತಿತ್ತು, ಮುಂದಿನ ಟಗರಿನ ಗಂಟೆ ನಿಂತರೆ ಮಾತ್ರ ಎಚ್ಚರ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎಂಬ ಗಾದೆ ಕಟ್ಟಿದವನು ನಮ್ಮ ಪೈಕಿಯವನೇ ಇರಬೇಕು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಬೇಸಿಗೆ. ನನಗೆ ಹನ್ನೆರಡು. ಸುರಪುರದ ಕಡೆಯಿಂದ ಶಹಾಪುರ ದಾಟಿ ಭೀಮಾ ದಂಡೆಗೆ ಹೊರಟಿದ್ದೆವು. ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಜೋಳ ಪಡೆಯುವುದು ನಮ್ಮ ಬದುಕು. ರಜಾಕಾರರ ಹೆದರಿಕೆ ಹೋಗಿತ್ತು, ಆದರೆ ರಾತ್ರಿಯೆಲ್ಲ ಕೂತು ಕಾಯುವ ರೂಢಿಯನ್ನು ಅಪ್ಪ ಬಿಟ್ಟಿರಲಿಲ್ಲ. ಅವನೊಬ್ಬ ಕಾದರೆ ಸಾಲದೆಂದು ಅವ್ವ, ಅವ್ವನ ಜೊತೆಗೆ ನಾನು. ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆ ದಿನ ಅಪ್ಪ ಕುರಿ ಹೊಡೆದುಕೊಂಡು ಮುಂದೆ ಹೋಗಿದ್ದ. ಬೆಳಿಗ್ಗೆ ಈದ ಕುರಿ ನಮ್ಮ ಜೊತೆ ಉಳಿದಿತ್ತು. ಅದರ ಮರಿ ನನ್ನ ಬೆನ್ನಿಗೆ, ನಾಲ್ಕು ತಿಂಗಳ ತಮ್ಮ ಅವ್ವನ ಬೆನ್ನಿಗೆ, ಅವ್ವನ ತಲೆಯ ಮೇಲೆ ಅಡುಗೆ ಸಾಮಾನಿನ ಬುಟ್ಟಿ. ಮಧ್ಯಾಹ್ನ ಒಂದು ಬೇವಿನ ಮರದ ಕೆಳಗೆ ಕೂತೆವು. ಹರಿದ ಕಂಬಳಿಯ ಎರಡು ತುಂಡುಗಳಲ್ಲಿ ಮರಿಯೂ ಕೂಸೂ ಅಕ್ಕಪಕ್ಕ ಮಲಗಿದವು. ಅವುಗಳನ್ನು ಕಂಡು ಹೊಟ್ಟೆಕಿಚ್ಚಾಯಿತು.

ಏಳುವಾಗ ಅವ್ವ ಅಂದಳು, "ಮರಿ ಇನ್ನ ನಡೀತದ. ನೀ ಕೂಸಿನ್ನ ತೊಗೊ."

ತೆಗೆದುಕೊಂಡೆ. ಆಮೇಲಿನದು ನನಗೆ ಚೆನ್ನಾಗಿ ನೆನಪಿದೆ, ಅದೇ ನನ್ನ ಸಂಕಟ. ಬೆನ್ನಿನ ಮೇಲೆ ತಮ್ಮನ ಬಿಸಿ ಇತ್ತು. ಕೈ ಹಿಂದಕ್ಕೆ ಹಾಕಿ ತಟ್ಟಿದೆ, ಜೋ ಅಂದೆ. ಈದ ಕುರಿ ನನ್ನ ಹಿಂದೆಯೇ ಮೂಗು ತೂರಿಸಿಕೊಂಡು ಬರುತ್ತಿತ್ತು, ಮರಿಯೂ ಅದರ ಹಿಂದೆ ಇರಬೇಕು ಅಂದುಕೊಂಡೆ. ಒಂದು ಹರದಾರಿ, ಮೂರು ಮೈಲಿಯಷ್ಟು, ನಡೆದ ಮೇಲೆ ನನ್ನ ಬೆನ್ನು "ಮ್ಯಾ" ಅಂದಿತು.

"ಯವ್ವಾ," ಅಂದೆ, "ಇದು ಮರಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರನ್ನು ಕಂಡು ಜನ ನಗುತ್ತಾರೆ. ಕೂಸನ್ನು ಬಯಲಲ್ಲಿ ಬಿಟ್ಟು ಮರಿಗೆ ಜೋಗುಳ ಹಾಡಿದವಳಿಗೆ ಗಾದೆ ಇಲ್ಲ. ಅವ್ವ ಬುಟ್ಟಿ ಚೆಲ್ಲಿ ಓಡಿದಳು, ನಾನೂ ಓಡಿದೆ. ನಾಯಿ, ಹದ್ದು, ಬಿಸಿಲು ಎಲ್ಲ ನೆನಪಾದವು. ಜೀವ ಓಡುತ್ತಿತ್ತು, ಮೈ ಓಡುತ್ತಿರಲಿಲ್ಲ.

ನೆರಳು ಸರಿದು ಕೂಸು ಬಿಸಿಲಿಗೆ ಬಿದ್ದಿತ್ತು. ಅತ್ತು ಅತ್ತು ದನಿ ಹೋಗಿತ್ತು, ಮುಖ ಕೆಂಡದಂತೆ ಕೆಂಪಾಗಿತ್ತು. ಉಸಿರಿತ್ತು. ಅವ್ವ ಮೊಲೆಗೆ ಹಾಕಿಕೊಂಡಳು. ನಾನು ಏಟಿಗೆ ಬೆನ್ನು ಕೊಟ್ಟು ಕೂತೆ.

ಅವಳು ನೆಲ ನೋಡುತ್ತ ಅಂದಳು, "ನೀ ಎತ್ತೂದು ನಾ ನೋಡೀನಿ. ನನಗೂ ಕೂಸಂತನ ಕಾಣ್ತು. ನಿನ್ನ ಬೆನ್ನಿಗೆ ಗಂಟು ಹಾಕಿದಾಕಿನೂ ನಾನ."

ಹೊಡೆದಿದ್ದರೆ ಅತ್ತು ಹಗುರಾಗುತ್ತಿದ್ದೆ. ಈಗ ಅವ್ವನ ಕಣ್ಣನ್ನೂ ನಂಬುವಂತಿಲ್ಲವೆಂದು ಭಯವಾಯಿತು. ಕುರಿಯ ಉಣ್ಣೆ ಹೊಸೆದು ಒಂದು ದಾರ ಮಾಡಿದೆ, ಒಂದು ತುದಿಯನ್ನು ತಮ್ಮನ ಕಾಲಿಗೆ ಕಟ್ಟಿ ಇನ್ನೊಂದನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡೆ. ಅವ್ವ ನೋಡುತ್ತಿದ್ದಳು. ಆಮೇಲೆ ತನ್ನ ಕೈಯನ್ನೂ ಮುಂದೆ ಚಾಚಿದಳು.

"ನನಗೂ ಒಂದು ಕಟ್ಟು," ಅಂದಳು.