ಮೊಮ್ಮಗಳ ಬಚ್ಚಲ ಗಿಡ

ನನಗೆ ನನ್ನ ಮೊಮ್ಮಗಳ ಪರಿಚಯ ಮೊದಲು ಆದದ್ದು ಬಚ್ಚಲ ಮೋರಿಯಲ್ಲಿ. ನಗಬೇಡಿ. ಮಗಳು ಶಾಂತಾ ಬಾಣಂತನಕ್ಕೆ ಬ್ಯಾಡಗಿಯ ನಮ್ಮ ಮನೆಗೆ ಬಂದಿದ್ದಳು. ಬಾಣಂತಿ ಕೋಣೆಗೆ ಗಂಡಸರು ಬಂದರೆ ಗಾಳಿ ಸೋಕುತ್ತದೆ ಎಂದು ನನ್ನ ಹೆಂಡತಿ ನನ್ನನ್ನು ಬಾಗಿಲಲ್ಲೇ ತಡೆದಳು. ಒಳಗೆ ಕೂಸು, ಹೊರಗೆ ಸಂತೋಷ ತಡೆಯಲಾರದೆ ಸುತ್ತುವ ಅಜ್ಜ. ಮುಂಜಾನೆ ಕೂಸಿಗೆ ನೀರೆರೆಯುವಾಗ ಅದರ ಅಳು ಕೇಳುತ್ತಿತ್ತು. ಹಿಂದೆಯೇ ಅರಿಷಿಣ, ಎಣ್ಣೆ ಬೆರೆತ ಬೆಚ್ಚನೆಯ ನೀರು ಗೋಡೆಯ ತೂತಿನಿಂದ ಹಿತ್ತಲಿಗೆ ಬರುತ್ತಿತ್ತು. ನನ್ನ ಪಾಲಿಗೆ ಆ ನೀರಷ್ಟೇ. ನಾನು ದಿನಾ ಅಲ್ಲಿ ಹೋಗಿ, ಬಸ್ಸಿಗೆ ಕಾಯುವವನಂತೆ ಕೂಡುತ್ತಿದ್ದೆ.

ಆ ಮೋರಿಯ ದಂಡೆಯಲ್ಲಿ ಒಂದು ಸಸಿ ಎದ್ದಿತು. ಕೂಸಿನ ಹಿಂದೆಯೇ ಹುಟ್ಟಿದ್ದು, ಕೂಸಿನ ನೀರನ್ನೇ ಕುಡಿದದ್ದು. ಅಂದ ಮೇಲೆ ಅದು ಕೂಸಿನ ಜೋಡಿಯೇ ಸರಿ. ಗಿಡ ಚೆನ್ನಾಗಿದ್ದರೆ ಕೂಸೂ ಚೆನ್ನಾಗಿರುತ್ತದೆ ಎಂದು ನನ್ನ ತಲೆಗೆ ಹೊಕ್ಕಿತು. ಎರಡನೇ ಇಯತ್ತೆಗೇ ಶಾಲೆ ಬಿಟ್ಟವನ ತಲೆ. ಒಳಗೆ ಜಾಗ ಬಹಳ, ಹೊಕ್ಕದ್ದು ಲಗೂ ಹೊರಬೀಳುವುದಿಲ್ಲ. ಎಲೆಯ ಅಂಚು ಹಲ್ಲುಹಲ್ಲಾಗಿತ್ತು, ವಾಸನೆಯೂ ಘಾಟು. ಚೆಂಡುಹೂವು ಎಂದು ನಾನೇ ತೀರ್ಮಾನ ಮಾಡಿದೆ.

ಗಿಡ ಮಾತಾಡುವುದಿಲ್ಲ ಎನ್ನುವವರು ಮೆಣಸಿನಕಾಯಿ ಬೆಳೆದಿರಲಿಕ್ಕಿಲ್ಲ. ಎಲೆ ಮುದುಡಿದರೆ ಮುಟರು ರೋಗ ಬಂತೆಂದು ಹೇಳುತ್ತದೆ, ಬೆನ್ನಿಗೆ ಅಂಟು ಕೂತರೆ ಹೇನು ಹತ್ತಿದೆ ಎನ್ನುತ್ತದೆ. ಮೆಣಸಿನ ಗಿಡಕ್ಕೆ ಮಾಡುವ ಉಪಚಾರವನ್ನೆಲ್ಲ ಇದಕ್ಕೆ ಮಾಡಿದೆ. ಮುಂಜಾನೆ ಎಲೆಗೆ ಬೂದಿ ಉದುರಿಸಿದೆ, ಬೇವಿನ ಬೀಜ ಅರೆದ ನೀರು ಚಿಮುಕಿಸಿದೆ, ಕೋಲು ಊರಿ ಕಟ್ಟಿದೆ. ದೃಷ್ಟಿಯಾಗದಿರಲಿ ಎಂದು ಹಳೆಯ ಚಪ್ಪಲಿಯನ್ನೂ ತೂಗುಹಾಕಿದೆ.

“ಕೂಸಿಗೆ ಕಾಡಿಗಿ ಹಚ್ಚಿ ಉಳದೈತಿ, ತರ್ಲೇನು ಗಿಡಕ್ಕ?” ಎಂದಳು ಹೆಂಡತಿ.

ಒಮ್ಮೆ ಕೆಳಗಿನ ಎಲೆಗಳು ಹಳದಿಯಾದವು. ಅದೇ ದಿನ ಕೂಸಿಗೆ ನೆಗಡಿ! ನನ್ನ ಜೀವ ಬಾಯಿಗೆ ಬಂತು. ಬುಡದಲ್ಲಿ ನೀರು ನಿಂತಿತ್ತು; ಕಾಲುವೆ ತೋಡಿ ಹೊರಗೆ ಬಿಟ್ಟೆ. ಗಿಡ ಚೇತರಿಸಿಕೊಂಡಿತು, ಕೂಸೂ ಚೇತರಿಸಿಕೊಂಡಿತು. ಹೆಂಡತಿ ತಾನು ತೇಯ್ದು ನೆಕ್ಕಿಸಿದ ಬಜೆಯಿಂದ ಎಂದಳು. ಹೆಂಗಸರಿಗೆ ಕಾಲುವೆಯ ಮಹಿಮೆ ತಿಳಿಯದು.

ಗಿಡ ನನ್ನನ್ನು ಮೀರಿ ಸೂರು ಮುಟ್ಟಿತು. ಹೂವಿನ ಸುಳಿವಿಲ್ಲ. ಇಷ್ಟು ಎತ್ತರ ಹೋಗುವ ಗಡಿಬಿಡಿಯಲ್ಲಿ ಹೂ ಬಿಡಲು ಅದಕ್ಕೆ ಪುರುಸೊತ್ತೆಲ್ಲಿ?

ಐದನೇ ತಿಂಗಳಲ್ಲಿ ತಾಯಿ–ಕೂಸನ್ನು ಕರೆದೊಯ್ಯಲು ಮೇಡ್ಲೇರಿಯಿಂದ ಬೀಗರು ಬಂದರು. ಶಾಂತಾಳ ಮಾವ, ಪೊಲೀಸ್ ಹವಾಲ್ದಾರರಾಗಿ ನಿವೃತ್ತರಾದವರು. ಚಹಾ ಮುಗಿಯುವುದನ್ನೂ ಕಾಯದೆ ನಾನು ಅವರನ್ನು ಹಿತ್ತಲಿಗೆ ಎಳೆದೊಯ್ದೆ. ಅವರು ಒಂದು ಎಲೆ ತಿಕ್ಕಿ ಮೂಸಿದರು.

“ಬೀಗರ, ಇದನ್ನ ಯಾರು ಹಚ್ಯಾರ್ರಿ?”

“ನಿಮ್ಮ ಮೊಮ್ಮಗಳ್ರಿ!”

“ಏನಂದ್ರಿ?”

“ಅಕೀದ ಗಿಡ, ಅಕಿ ನೀರಿಗೇ ಬೆಳದೈತಿ. ಇಂಥಾ ಚೆಂಡುಹೂವಿನ ಗಿಡ ಮೇಡ್ಲೇರಿಯೊಳಗ ನೋಡೀರೇನು?”

“ಮೇಡ್ಲೇರಿಯೊಳಗ ನೋಡಿಲ್ಲ. ಠಾಣೆದೊಳಗ ಭಾಳ ನೋಡೇನಿ. ಇದು ಗಾಂಜಾ ರೀ!”

ಬೇಸಿಗೆಯಲ್ಲಿ ಬೈರಾಗಿಯೊಬ್ಬ ಆ ಮೋರಿಯಲ್ಲೇ ತನ್ನ ಜೋಳಿಗೆ ಝಾಡಿಸಿ ತೊಳೆದದ್ದು ಆಗ ನೆನಪಾಯಿತು.

ಬಾಗಿಲಿನಿಂದ ಹೆಂಡತಿ, “ಹೂವಿನ ಮಾಲಿ ಕಟ್ಟಾಕ ದಾರ ತಂದಿಟ್ಟಿದ್ರಲ್ಲ, ಈಗ ಅದರಿಂದ ನಿಮ್ಮ ಕೈ ಕಟ್ತಾರ ತಗೋರಿ!” ಎಂದಳು.

“ಲಗೂ ಕೀಳ್ರಿ. ನಾ ರಿಟೈರ್ ಆಗೇನಿ, ಕಾಯ್ದೆ ರಿಟೈರ್ ಆಗಿಲ್ಲ,” ಎಂದರು ಬೀಗರು.

ಕಾಂಡ ಹಿಡಿದೆ. ಕೈ ಏಳಲಿಲ್ಲ. “ಕಿತ್ತ ಮ್ಯಾಲೆ ಕೂಸಿಗೆ ಏನರ ಆದ್ರ?” ಎಂದೆ. ಯಾರೂ ನಗಲಿಲ್ಲ. ಹವಾಲ್ದಾರರ ಮೀಸೆ ಕೂಡ ಸ್ವಲ್ಪ ಇಳಿಯಿತು.

ಶಾಂತಾ ಕೂಸನ್ನು ಎತ್ತಿಕೊಂಡು ಬಂದಳು. “ಅಕೀದ ಗಿಡ ಅಂದ್ರ ಅಕೀನ ಕೀಳಲಿ ಬಿಡಪ್ಪಾ,” ಎಂದು ನನ್ನ ತೋಳಿಗೆ ಕೊಟ್ಟಳು. ಕೂಸಿನ ಮುಷ್ಟಿ ಕಾಂಡಕ್ಕೆ, ಅದರ ಮೇಲೆ ನನ್ನ ಮುಷ್ಟಿ, ಅದರ ಮೇಲೆ ಬೀಗರದು. ಎಳೆದೆವು. ಬೇರು ಕಿತ್ತು ಬಂತು. ಕೂಸು ಮಣ್ಣಿನ ಕೈಯನ್ನು ಹವಾಲ್ದಾರರ ಮೀಸೆಗೆ ಒರೆಸಿ ಕೇಕೆ ಹಾಕಿ ನಕ್ಕಿತು. ನನಗೆ ಉಸಿರು ಬಂತು.

ನಾನು ಗಿಡವನ್ನು ಬಚ್ಚಲ ಒಲೆಗೆ ಒಯ್ಯುತ್ತಿದ್ದೆ. ಬೀಗರು ಓಡಿಬಂದರು: “ಒಲಿಗೆ ಹಾಕಬ್ಯಾಡ್ರಿ ಮಾರಾಯ್ರ, ಓಣಿ ಮಂದಿಯೆಲ್ಲಾ ನಕ್ಕೋತ ಕುಂದರ್ತಾರ!” ಕೊಚ್ಚಿ ತಿಪ್ಪೆಯಲ್ಲಿ ಹೂತೆವು.

ಕೂಸು ಮೇಡ್ಲೇರಿಗೆ ಹೋಯಿತು. ಮೋರಿ ಒಣಗಿತು. ನಾನು ರೂಢಿಯಂತೆ ಅಲ್ಲಿ ಹೋಗಿ ಕೂಡುತ್ತಿದ್ದೆ, ಬಸ್ಸು ಹೋದ ಮೇಲೂ ಕಾಯುವವನಂತೆ.

ಮೊನ್ನೆ ರಾಣೆಬೆನ್ನೂರು ಸಂತೆಯಲ್ಲಿ ಬೀಗರು ಸಿಕ್ಕರು. ಕೂಸಿಗೆ ಹಲ್ಲು ಬಂದ ಸುದ್ದಿ ಹೇಳಿ, ನನ್ನನ್ನು ಮರೆಗೆ ಕರೆದು ಪಿಸುಗುಟ್ಟಿದರು.

“ನಮ್ಮ ಬಚ್ಚಲ ಮಗ್ಗಲಕ ಒಂದು ಸಸಿ ಎದ್ದೈತ್ರಿ. ಎರಡ ಎಲಿ.”

“ಏನ್ ಗಿಡರಿ?”

“ಯಾಂವಗ ಗೊತ್ತು!”

ಎರಡೆಲೆಯ ಹೊತ್ತಿನಲ್ಲಿ ಯಾವ ಜೀವ ಏನಾದೀತು ಎಂದು ಕಾಯ್ದೆಗೂ ಹೇಳಲು ಬರುವುದಿಲ್ಲ, ಅಜ್ಜಂದಿರಿಗಂತೂ ಕೇಳಲೇಬೇಡಿ.

“ಕಿತ್ತೀರೇನು?” ಎಂದೆ.

ಹವಾಲ್ದಾರರು ಆಚೀಚೆ ನೋಡಿದರು.

“ಬೂದಿ ಹಾಕೇನ್ರಿ.”