ಹಳೆಯ ಪ್ಲಗ್ ಕೇಳುತ್ತಿದ್ದವರು

ಮೊನ್ನೆ ಸ್ಕೂಟರನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಹಳೆಯ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮುಖವನ್ನೂ ನೋಡದೆ ಕಸದ ಡಬ್ಬಕ್ಕೆ ಎಸೆದು ಹೊಸದು ಹಾಕಿದ. ನಾನು ಅದನ್ನು ಹೆಕ್ಕಿ ಕೈಯಲ್ಲಿ ಹಿಡಿದೆ. ಸುಟ್ಟ ಪೆಟ್ರೋಲಿನ ವಾಸನೆ... ಶೃಂಗೇರಿಯ ಬಸ್ ಸ್ಟ್ಯಾಂಡಿನ ಹಿಂದಿದ್ದ ಸ್ಪೇರ್ ಪಾರ್ಟ್ಸ್ ಅಂಗಡಿಯೂ ಅದನ್ನು ನಡೆಸುತ್ತಿದ್ದ ಸಾಹೇಬರೂ ನೆನಪಾದರು.

ಎರಡು ಸಾವಿರದ ಐದೋ ಆರೋ ಇರಬೇಕು. ನಾನಾಗ ಪಶು ಆಸ್ಪತ್ರೆಯಲ್ಲಿ ವೆಟರ್ನರಿ ಇನ್ಸ್‌ಪೆಕ್ಟರ್. ಡಾಕ್ಟರ್ ಬೇರೆಯವರಿದ್ದರು, ಆದರೆ ಮನೆಮನೆಗೆ ಹೋಗುವವನು ನಾನಾದ್ದರಿಂದ ಜನರ ಬಾಯಲ್ಲಿ ನಾನೇ ಡಾಕ್ಟ್ರು. ಮೆಣಸೆ, ನೆಮ್ಮಾರ್, ಕಿಗ್ಗ ಎಂದು ನನ್ನ ಟೂ ಸ್ಟ್ರೋಕ್ ಬೈಕು ದಿನವಿಡೀ ಏರು ಹತ್ತುತ್ತಿತ್ತು, ಪ್ಲಗ್ಗುಗಳನ್ನು ತಿನ್ನುತ್ತಿತ್ತು.

ಸಾಹೇಬರು ಹಳೆಯ ಪ್ಲಗ್ ನೋಡದೆ ಹೊಸದು ಕೊಡುತ್ತಿರಲಿಲ್ಲ. ತಂದಿಲ್ಲವೆಂದರೆ ಹೊರಗೆ ಹೋಗಿ ಬಿಚ್ಚಿ ತರಬೇಕು, ಸ್ಪ್ಯಾನರ್ ಅವರದೇ. ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುವರು. ತುದಿ ಕಾಫಿ ಪುಡಿಯ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಜಾಸ್ತಿ. ಬೆಳ್ಳಗಾಗಿದ್ದರೆ ಎಂಜಿನ್ ವಿಪರೀತ ಕಾಯುತ್ತಿದೆ. ಆಮೇಲೆ ಬೈಗುಳ. ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ನನ್ನದು ಧಾರಾಳ ಕೈ, ಹಾಗಾಗಿ ನನಗೆ ಪ್ರತಿ ಸಲವೂ ಅರ್ಚನೆ ತಪ್ಪುತ್ತಿರಲಿಲ್ಲ. ಎಷ್ಟೋ ಸಲ ಹೊಸದನ್ನು ಕೊಡುತ್ತಲೇ ಇರಲಿಲ್ಲ. ಹಳೆಯದನ್ನೇ ಪೆಟ್ರೋಲಿನಲ್ಲಿ ತೊಳೆದು, ಬ್ರಷ್ಷಿನಿಂದ ಉಜ್ಜಿ, ಹ್ಯಾಕ್ಸಾ ಬ್ಲೇಡಿನ ತುಂಡು ತೂರಿಸಿ ಗ್ಯಾಪ್ ಸರಿಮಾಡಿ, ಇನ್ನೊಂದು ತಿಂಗಳು ಓಡುತ್ತದೆ ಎಂದು ಕಳಿಸುವರು. ಇವರು ಅಂಗಡಿ ನಡೆಸಿದ ಹಾಗೇ ಎಂದು ನಾವು ನಗುತ್ತಿದ್ದೆವು.

ಇಷ್ಟು ಸಣ್ಣ ಸಾಮಾನಿಗೆ ಇಷ್ಟೊಂದು ಪಂಚಾಯ್ತಿ ಯಾಕೆ ಎಂದು ಒಮ್ಮೆ ರೇಗಿದ್ದೆ. "ನೀವು ಸಗಣಿ ನೋಡದೆ ದನಕ್ಕೆ ಔಷಧಿ ಕೊಡ್ತೀರಾ ಡಾಕ್ಟ್ರೇ?" ಎಂದು ಬಾಯಿ ಮುಚ್ಚಿಸಿದರು. ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಹುಟ್ಟಿತು, ಪ್ರೀತಿಯೂ.

ಒಂದು ದಿನ ಅವರು ನನ್ನ ಪ್ಲಗ್ಗನ್ನು ಬೆಳಕಿಗೆ ಹಿಡಿದರು, ಮತ್ತೆ ಕಣ್ಣಿನ ತೀರ ಹತ್ತಿರ ತಂದರು, ಕೊನೆಗೆ ಬೆರಳಿನಿಂದ ಸವರಿದರು. ಕಣ್ಣಿಗೆ ಪೊರೆ ಬಂದಿದೆ ಎಂದು ನನಗೆ ಹೊಳೆಯಿತು. ಏನೂ ಹೇಳದೆ, ಅವರು ಕೊಟ್ಟ ಹೊಸ ಪ್ಲಗ್ ತಂದು ಮನೆಯಲ್ಲಿ ಹಾಕಿದೆ. ಮೊದಲ ಕಿಕ್ಕಿಗೇ ಎಂಜಿನ್ನಿನೊಳಗೆ ಟಕ್ ಎಂದಿತು. ಹಠಕ್ಕೆ ಬಿದ್ದು ಇನ್ನೂ ನಾಲ್ಕು ಸಲ ಒದ್ದೆ. ಆಮೇಲೆ ಊರಿನ ಮೆಕ್ಯಾನಿಕ್ ಎಂಜಿನ್ನಿನ ಹೆಡ್ ಬಿಚ್ಚಿ ತೋರಿಸಿದ. ನನ್ನ ಬೈಕಿಗೆ ಬೇಕಾದದ್ದು ಗಿಡ್ಡ ಥ್ರೆಡ್ಡಿನ ಪ್ಲಗ್. ಇದು ಉದ್ದದ್ದು. ತುದಿ ಪಿಸ್ಟನ್ನಿಗೆ ಹೊಡೆದು ಗುಳಿ ಬಿದ್ದಿತ್ತು.

ಹೇಳಿಯೇ ಬಿಡಬೇಕೆಂದು ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಗಾಡಿ ಹೆಂಗಿದೆ ಡಾಕ್ಟ್ರೇ?" ಎಂದರು. ದನಿಯಲ್ಲಿ ಯಾವತ್ತೂ ಇಲ್ಲದ ಅಳುಕು. ನನಗೆ ದಾಕ್ಷಿಣ್ಯ ಅಡ್ಡ ಬಂತು. ನಮ್ಮ ಕಡೆಯವರಿಗೆ ಅದೊಂದು ಕಾಯಿಲೆ. ಬಡಿಸುವವರು ಬೇಜಾರು ಮಾಡಿಕೊಂಡಾರು ಎಂದು ಸೇರದ ಸಾರನ್ನೂ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇವೆ. ಫಸ್ಟ್ ಕ್ಲಾಸ್ ಎಂದುಬಿಟ್ಟೆ. ಅವರ ಮುಖ ಅರಳಿತು. ಯಾರಿಗೂ ಹೇಳಬೇಡವೆಂದು ಮೆಕ್ಯಾನಿಕ್‌ಗೂ ತಾಕೀತು ಮಾಡಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಓಡಾಡಿಕೊಂಡಿದ್ದೆ.

ತಿಂಗಳೊಳಗೆ ನೆಮ್ಮಾರಿನ ಲೈನ್‌ಮನ್ ಒಬ್ಬನಿಗೆ ಅಂಥದೇ ಉದ್ದದ ಪ್ಲಗ್ ಹೋಯಿತು, ಅವನ ಪಿಸ್ಟನ್ನೂ ಹಾಳಾಯಿತು. ಅವನು ಅದೇ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದು ಗಿರಾಕಿಗಳೆದುರು ಕೂಗಾಡಿದ. ಕ್ಲಚ್ ಕೇಬಲ್ಲಿಗೆಂದು ಬಂದಿದ್ದ ನಾನೂ ಅಲ್ಲೇ ನಿಂತಿದ್ದೆ. ಸಾಹೇಬರು ಆ ಪ್ಲಗ್ಗಿನ ಥ್ರೆಡ್ಡಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. ಹೀಗಾದದ್ದು ಇದೇ ಮೊದಲೋ ಎಂದು ಮೆಕ್ಯಾನಿಕ್‌ನನ್ನು ಕೇಳಿದರು. ಅವನು ನನ್ನ ಕಡೆ ನೋಡಿ, ಮೊದಲು ಹೋದದ್ದು ಡಾಕ್ಟ್ರದ್ದು ಎಂದ.

ಸಾಹೇಬರು ನಾನಿದ್ದ ಕಡೆ ತಿರುಗಿದರು. "ನಾನು ಕೇಳಿದ್ದೆನಲ್ಲ ಮಾರಾಯ್ರೇ," ಎಂದರು. "ಕಣ್ಣು ಕೈಕೊಡ್ತಾ ಇದೆ ಅಂತ ಗೊತ್ತಾಗೇ ನಿಮ್ಮನ್ನ ಕೇಳಿದ್ದು."

ಅವರು ಲೈನ್‌ಮನ್‌ಗೆ ಹೊಸ ಪಿಸ್ಟನ್ ಹಾಕಿಸಿಕೊಟ್ಟರು. ಆ ವಾರವೇ ಅಂಗಡಿ ಮುಚ್ಚಿ ಕೊಪ್ಪದಲ್ಲಿದ್ದ ಮಗಳ ಮನೆಗೆ ಹೋದರು.

ನನಗೆ ನರಸಿಂಹರಾಜಪುರಕ್ಕೆ ವರ್ಗವಾದಾಗ ಒಮ್ಮೆ ಅವರನ್ನು ನೋಡಲು ಹೋಗಿದ್ದೆ. ಚಹಾ ತರಿಸಿದರು. ಹೊಸ ಆಸ್ಪತ್ರೆ ಹೇಗಿದೆ, ಮಕ್ಕಳು ಏನು ಓದುತ್ತಿದ್ದಾರೆ, ಎಲ್ಲ ವಿಚಾರಿಸಿದರು. ನಾನು ಬೈಕಿನಲ್ಲಿ ಬಂದ ಸದ್ದು ಅವರಿಗೆ ಕೇಳಿಸಿಯೇ ಇತ್ತು. ಗಾಡಿ ಹೇಗಿದೆ ಎಂದು ಮಾತ್ರ ಕೇಳಲಿಲ್ಲ. ತಪ್ಪಾಯಿತು ಎನ್ನಲು ನನಗೂ ಆಗಲಿಲ್ಲ... ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದು ಹತ್ತು ದಿನವಾಗಿತ್ತು.

ಈಗ ನಾನು ನಿವೃತ್ತ. ಆದರೂ ಗುರುತಿನವರು ದನಕ್ಕೆ ಇಂಜೆಕ್ಷನ್ ಹಾಕಲು ಕರೆಯುತ್ತಾರೆ. ಒಂದು ವರ್ಷದಿಂದ ನನ್ನ ಬಲಗೈ ಸಣ್ಣಗೆ ನಡುಗುತ್ತಿದೆ. ಮಾರನೆಯ ದಿನ ಫೋನ್ ಮಾಡಿ ದನ ಹೇಗಿದೆ ಎಂದು ಕೇಳುತ್ತೇನೆ. ಚೆನ್ನಾಗಿದೆ ಡಾಕ್ಟ್ರೇ, ಎನ್ನುತ್ತಾರೆ. ಎಲ್ಲರೂ ಹಾಗೇ ಎನ್ನುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ನನ್ನ ಮುಖಕ್ಕೇ ಹೇಳುತ್ತಿದ್ದವರು ಸಾಹೇಬರೊಬ್ಬರೇ. ಈ ಕೈ ಇನ್ನು ಸಾಕೇ ಎಂದು ಅವರನ್ನೇ ಹೋಗಿ ಕೇಳೋಣವೆಂದರೆ, ಅವರಿಲ್ಲ.