ಮುಳ್ಳು ಕೆಂಪಿಗೆ ಹೋದಾಗ

ಭದ್ರಾವತಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡೋದು ನನ್ನ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಮದುವೆ ಮನೆಗಳಿಗೆ ಹೋಗೋದು ಬಿಟ್ಟಿದ್ದೆ. ಆಗ ಶಿವಮೊಗ್ಗದಿಂದ ನಾಲ್ವರು ಕಾಲೇಜು ಹುಡುಗರು ಬಂದರು. ಮಲವಗೊಪ್ಪದ ಖಾಲಿ ಶೆಡ್ಡಿನಲ್ಲಿ ಅವರ ಬ್ಯಾಂಡಿನ ಮೊದಲ ಕ್ಯಾಸೆಟ್ ರೆಕಾರ್ಡ್ ಮಾಡಿಕೊಡಬೇಕಂತೆ.

ಗಿಟಾರು, ಡ್ರಮ್ಮು ಶುರುವಾದವು. ತಗಡೆಲ್ಲ ನಡುಗಿತು. ಉದ್ದ ಕೂದಲಿನವನು ಗಂಟಲು ಹರಿಯೋ ಹಾಗೆ ಕಿರುಚಿದ. ರೆಕಾರ್ಡರಿನಲ್ಲಿ ಸೌಂಡು ಅಳೆಯೋ ಮುಳ್ಳು ಕೆಂಪಿಗೆ ಹೋಯಿತು. ತಕ್ಷಣ ಸೌಂಡು ಇಳಿಸಿದೆ. ಮದುವೆ ಮನೆಯ ಅಭ್ಯಾಸ. ಅಲ್ಲಿ ಮೈಕು ಕಿರುಗುಟ್ಟಿದರೆ ಬೈಗುಳ ನಮಗೇ.

"ಅಯ್ಯೋ, ಯಾಕಣ್ಣ ಇಳಿಸಿದ್ರಿ? ಇರೋದು ಒಂದೇ ಕ್ಯಾಸೆಟ್. ನನ್ನ ಗಂಟಲು ಇನ್ನೊಂದೇ ಸಲ ತಡೆಯೋದು!"

"ಸೌಂಡು ಒಡೆಯುತ್ತಲ್ಲೋ ಮಾರಾಯ."

"ಒಡೀಬೇಕು ಅಣ್ಣ, ಅದೇ ನಮ್ಮ ಹಾಡು!"

"ಅಷ್ಟಕ್ಕೂ ಏನಂತ ಕಿರುಚ್ತೀಯ?"

"ಸಾವಿನ ಮೇಲೆ ಸಿಟ್ಟು, ಅಣ್ಣ."

ಸೌಂಡಿನ ಗುಂಡಿ ಪೂರ್ತಿ ಏರಿಸಿ, ಕೈ ಕಟ್ಟಿ ನಿಂತೆ. ಮುಳ್ಳು ಕೆಂಪಿನಲ್ಲೇ ಕುಣಿಯಿತು. ನನ್ನ ಎದೆಯೂ ಕುಣಿಯಿತು.

ಆ ಕ್ಯಾಸೆಟ್ಟಿನಲ್ಲಿ ಹಾಡು ಮುಗಿಯೋ ಹೊತ್ತಿಗೆ, "ಹೊಡೀರೋ, ಇನ್ನೂ ಹೊಡೀರೋ!" ಅಂತ ಒಬ್ಬ ಅರಚ್ತಾನೆ. ಅದು ನಾನೇ. ಅಳಿಸಿ ಅಂದೆ. ಇಡೀ ಕ್ಯಾಸೆಟ್ಟಿನಲ್ಲಿ ಚೆನ್ನಾಗಿ ಬಂದಿರೋದು ಅದೊಂದೇ ಅಂದರು, ಬಡ್ಡಿಮಕ್ಕಳು.